ಮೊದಲು ಕೇಳಿದವನು

ಜನವರಿ 9

ಪ್ರೀತಿಯ ಪಾಪು,

ಪತ್ರ ಶುರುಮಾಡುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ‘ಹೋಪಿಂಗ್ ದಿಸ್ ಫೈಂಡ್ಸ್ ಯೂ ಇನ್ ದಿ ಪಿಂಕ್ ಆಫ್...’ ಪಿಂಕ್ ಆಫ್ ಏನೋ ಒಂದು. ಹೆಲ್ತೋ ವೆಲ್ತೋ. ಎರಡು ವರ್ಷ ಓದಿ ಬಿಟ್ಟವನಿಗೆ ಸಾಲುಗಳೆಲ್ಲ ಹೀಗೇ, ಬಾಲ ಕಳಕೊಂಡು ನೆನಪಿಗೆ ಬರುತ್ತವೆ. ಅದೂ ಅಲ್ಲದೆ ಜೈಲಿಗೆ ಹಾಕುವ ಪತ್ರಕ್ಕೆ ಪಿಂಕು ಗಿಂಕು ಹೊಂದುವುದಿಲ್ಲ ಬಿಡು. ನೆಟ್ಟಗೆ ಕೇಳುತ್ತೇನೆ. ಹೇಗಿದ್ದೀಯ? ಊಟ ಸೇರುತ್ತಿದೆಯಾ? ಕೊಟ್ಟ ಮಾತ್ರೆ ನುಂಗುತ್ತೀಯೋ, ಇಲ್ಲಾ ನಾಲಿಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗಿಯುತ್ತೀಯೋ?

ಮೇಲಿನ ಕೋರ್ಟಿಗೆ ಹೋಗಲು ಹೊಸ ಲಾಯರಮ್ಮ ಸಿಕ್ಕಿದ್ದಾರೆ. ಹೆಚ್ಚುಕಮ್ಮಿ ನಿನ್ನದೇ ವಯಸ್ಸು, ಮೂವತ್ನಾಲ್ಕು ಮೂವತ್ತೈದು. ಮಾತು ಕತ್ತರಿ. ಮನೆಗೇ ಬಂದು ಊಟದ ಮೇಜಿನ ಮೇಲೆ ತೀರ್ಪು ಹರಡಿಕೊಂಡು ಜೋರಾಗಿ ಓದಿದರು. ಆರೋಪಿಯು ತನ್ನ ತಂದೆಯ ಉಕ್ಕಿನ ಸರಳನ್ನು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿ, ಬಾಗಿಲು ತೆರೆದ ವ್ಯಕ್ತಿಯ ತಲೆಗೆ ಎರಡು ಸಲ ಹೊಡೆದಿದ್ದಾಳೆ, ಸ್ವಸ್ಥ ಮನಸ್ಸಿನಿಂದ, ಬೇಕೆಂದೇ, ಒಂಬತ್ತು ವರ್ಷ ಶಿಕ್ಷೆ. ಓದಿ ಮುಗಿಸಿ ಕನ್ನಡಕ ತೆಗೆದರು.

“ಸ್ವಸ್ಥ ಮನಸ್ಸು ಅನ್ನೋದು ಜಡ್ಜ್‌ಗೆ ಎಲ್ಲಿಂದ ಬಂತು ಗೊತ್ತಾ ಯಜಮಾನ್ರೇ? ನಿಮ್ಮಿಂದ.”

ನಾನು ಕಟಕಟೆಯಲ್ಲಿ ನಿಂತು ಹೇಳಿದ್ದು ನಿನಗೂ ನೆನಪಿರುತ್ತದೆ. ನನ್ನ ಮಗಳು ಸರಿಯಾಗೇ ಇದ್ದಳು ಸ್ವಾಮಿ, ಯಾವತ್ತೂ ಏನೂ ಇರಲಿಲ್ಲ ಅಂದೆ. ಹುಚ್ಚಿ ಅಂತ ಒಂದು ಸಲ ಕಾಗದದ ಮೇಲೆ ಬಿದ್ದರೆ ಅದು ಸಾಯುವ ತನಕ ಹೋಗುವುದಿಲ್ಲ, ಜೈಲಾದರೆ ಮುಗಿಯುತ್ತದೆ ಅಂತ ನನ್ನ ಲೆಕ್ಕ. ಲಾಯರಮ್ಮ ಒಪ್ಪಲಿಲ್ಲ. “ಗೋಡೆಯೊಳಗಿಂದ ಸತ್ತ ಅಮ್ಮ ಮಾತಾಡ್ತಾರೆ, ಪಕ್ಕದ ಮನೆಯವರು ಅವರನ್ನ ಕೂಡಿಹಾಕಿದ್ದಾರೆ ಅಂತ ನಿಮ್ಮ ಮಗಳು ಪೊಲೀಸರಿಗೆ ಹೇಳಿದ್ದಾಳೆ. ಸರ್ಕಾರಿ ವಕೀಲರು ಅದನ್ನ ನಾಟಕ ಅಂದ್ರು. ನಾಟಕ ಅಲ್ಲ, ಕಾಯಿಲೆ ಅಂತ ತೋರಿಸಿದ್ರೆ ಅವಳು ಜೈಲಿನಿಂದ ಆಸ್ಪತ್ರೆಗೆ ಹೋಗ್ತಾಳೆ. ಒಂದೇ ಮನೇಲಿದ್ದವರು ನೀವು. ಇದು ಯಾವಾಗ ಶುರುವಾಯ್ತು?”

“ಟೀ ಆರಿಹೋಗ್ತಿದೆ, ಕುಡೀರಿ” ಅಂದೆ ನಾನು.

ಪಕ್ಕದ ಮನೆಯ ಹಲ್ಲಿನವರು ಎರಡನೇ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬಂದಿದ್ದಾರೆ. ಮತ್ತೆ ನಮ್ಮ ಮಲಗುವ ಕೋಣೆಯ ಗೋಡೆಯಾಚೆ ಕೂತು ಗಿರಾಕಿಗಳ ಕಟ್ಟುಹಲ್ಲು ಉಜ್ಜಿ ನಯ ಮಾಡುತ್ತಾರೆ. ಆ ಸಣ್ಣ ಮೋಟಾರಿನ ಸದ್ದು ನಿನಗೆ ಗೊತ್ತೇ ಇದೆ. ಪೆಟ್ಟಿಗೆ ಅವರ ಎಡಗಿವಿ ಪೂರ್ತಿ ಹೋಗಿದೆ. ಮೆಟ್ಟಿಲ ಮೇಲೆ ಎದುರಾದರು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಅವರೇ ಮಾತಾಡಿದರು. “ಈ ಕಡೆ ಬನ್ನಿ ಸಾರ್. ಆ ಕಡೆ ನಿಂತು ನೀವು ಬೈದರೂ ನನಗೆ ಹೊಗಳಿದ ಹಾಗೇ.” ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಗೋಡೆ ಸುಮ್ಮನಿದೆ. ಬಹುಮಟ್ಟಿಗೆ.

ನಿನ್ನ,
ಅಪ್ಪ

ಫೆಬ್ರವರಿ 3

ಅಪ್ಪ,

ಇಲ್ಲಿ ಒಂದೇ ಹಾಳೆ ಕೊಡುತ್ತಾರೆ. ನಿನ್ನ ಹಾಗೆ ಊರೆಲ್ಲ ಸುತ್ತಿ ಬರೆಯಲು ಆಗುವುದಿಲ್ಲ.

ಮಾತ್ರೆ ನುಂಗುತ್ತಿದ್ದೇನೆ. ನುಂಗಿದ ಮೇಲೆ ಬಾಯಿ ಅಗಲಿಸಿ ತೋರಿಸಬೇಕು, ಹಲ್ಲಿನವರ ಮುಂದೆ ಕೂತ ಹಾಗೆ. ಇಂಥ ಮಾತು ಆಡಬಾರದು, ಗೊತ್ತು. ಆದರೆ ನಗು ಬಂತು. ತುಂಬ ದಿನದ ಮೇಲೆ ಬಂತು, ಅದಕ್ಕೇ ಬರೆದೆ.

ಲಾಯರಮ್ಮ ಬಂದಿದ್ದರು. ಗೋಡೆಯಲ್ಲಿ ಮೊದಲು ಕೇಳಿಸಿದ್ದು ಯಾರಿಗೆ ಅಂತ ಕೇಳಿದರು. ನನಗೇ ಅಂದೆ. ಅಪ್ಪನಿಗೆ ಹೇಳಿದ್ದೆಯಾ ಅಂದರು. ಇಲ್ಲ ಅಂದೆ. ಅವರು ಬರೆದುಕೊಳ್ಳಲೇ ಇಲ್ಲ, ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡಿದರು.

ನೀನು ಕೋರ್ಟಿನಲ್ಲಿ ಏನು ಹೇಳಿದೆಯೋ ಅದೇ ಇರಲಿ. ಬಹುಮಟ್ಟಿಗೆ ಅಂದರೆ ಏನು?

ಪಾಪು

ಮಾರ್ಚ್ 1

ಪ್ರೀತಿಯ ಪಾಪು,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಇದೊಂದು ಸಾಲು ಪೂರ್ತಿ ನೆನಪಿದೆ ನೋಡು, ಆಫೀಸಿನಲ್ಲಿ ಮೂವತ್ತೊಂದು ವರ್ಷ ಬರೆದದ್ದಕ್ಕೆ.

ಲಾಯರಮ್ಮ ಎರಡನೇ ಸಲ ಬಂದರು. ನನ್ನ ಕೆಲಸದ ಬಗ್ಗೆ ಕೇಳಿದರು. ಅಷ್ಟು ಸಾಕಾಯಿತು ನನಗೆ, ಒಂದೂವರೆ ಗಂಟೆ ಮಾತಾಡಿದೆ. ನೀರು ಸರಬರಾಜಿನಲ್ಲಿ ಸೋರಿಕೆ ಹುಡುಕುವುದು ಅಂದರೆ ಏನು, ಎದೆಯೆತ್ತರದ ಉಕ್ಕಿನ ಸರಳು, ಅದರ ತಲೆಗೆ ಮರದ ಬಟ್ಟಲು. ಸರಳಿನ ತುದಿ ನೆಲಕ್ಕೆ, ಬಟ್ಟಲು ಕಿವಿಗೆ. ನಾವು ಕಿವಿಕೋಲು ಅನ್ನುತ್ತಿದ್ದೆವು. ಬೀದಿಯ ಕೆಳಗೆ ಆಳುದ್ದದಲ್ಲಿ ಕೊಳವೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ಅದರಲ್ಲಿ ಕೇಳಿ, ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಮಾರನೇ ದಿನ ಅಗೆಯುವವರು ಬರುವುದು. ಗುರುತು ತಪ್ಪಾದರೆ ಸುಮ್ಮನೆ ಬೀದಿ ಅಗೆದ ಹಾಗೆ. ಅಂಗಡಿಯವರು ಬಾಯಿಗೆ ಬಂದ ಹಾಗೆ ಬೈಯುವುದು ಬೇರೆ.

ಅದಕ್ಕೇ ನಮ್ಮಲ್ಲಿ ಎರಡು ಕಿವಿಯ ನಿಯಮ ಇತ್ತು. ಒಬ್ಬ ಕೇಳುತ್ತಾನೆ, ದೂರ ಹೋಗಿ ನಿಲ್ಲುತ್ತಾನೆ. ಇನ್ನೊಬ್ಬ ಬಂದು ಅದೇ ಜಾಗದಲ್ಲಿ ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಮೇಸ್ತ್ರಿಗೆ ಕೊಡಬೇಕು. ಎರಡೂ ಒಂದೇ ಆದರೆ ಮಾತ್ರ ಗುದ್ದಲಿ. ಮೊದಲು ಕೇಳಿದವನು ಬಾಯಿ ಬಿಡಬಾರದು. ಹುಬ್ಬೂ ಹಾರಿಸಬಾರದು. ಯಾಕೆಂದರೆ ಇಲ್ಲಿ ಸದ್ದಿದೆ ಅಂತ ಮೊದಲೇ ಹೇಳಿಬಿಟ್ಟರೆ ಎರಡನೆಯವನಿಗೆ ಒಣನೆಲದಲ್ಲೂ ನೀರು ಕೇಳಿಸುತ್ತದೆ. ಕಿವಿ ಅಷ್ಟು ವಿಧೇಯ ಪ್ರಾಣಿ. ನಮ್ಮ ಜೊತೆಗಾರ ಒಬ್ಬನಿದ್ದ, ಎಲ್ಲರೂ ಅವನನ್ನು ‘ಕೆಮ್ಮು’ ಅಂತಲೇ ಕರೆಯುತ್ತಿದ್ದೆವು. ಸದ್ದು ಸಿಕ್ಕರೆ ತಡೆಯಲಾರದೆ ಒಂದು ಸಲ ಕೆಮ್ಮುತ್ತಿದ್ದ. ಮೇಸ್ತ್ರಿ ಅವನನ್ನು ಎರಡು ವಾರ ಬರೀ ಗುಂಡಿ ಮುಚ್ಚುವ ಕೆಲಸಕ್ಕೆ ಹಾಕಿದರು.

ಲಾಯರಮ್ಮ ಎಲ್ಲ ಕೇಳಿ, “ಮನೇಲೂ ಕೋಲು ಇಟ್ಟಿದ್ರಾ ಗೋಡೆಗೆ?” ಅಂದರು.

ಇಟ್ಟಿದ್ದೆ ಅಂದೆ. ಮಗಳು ಒತ್ತಾಯ ಮಾಡಿದಳು, ಇಟ್ಟೆ, ಏನೂ ಇಲ್ಲ ಅಂತ ಅವಳಿಗೆ ಹೇಳಿದೆ. ಹೀಗೆ ಹೇಳಿದೆ.

ಅವರು ಎದ್ದು ಮಲಗುವ ಕೋಣೆಗೆ ಹೋಗಿ, ಗೋಡೆಗೆ ತಾವೇ ಕಿವಿ ಇಟ್ಟರು. ಕರೀ ಕೋಟು, ಕಾಲಲ್ಲಿ ಎತ್ತರದ ಚಪ್ಪಲಿ, ಕಣ್ಣು ಮುಚ್ಚಿಕೊಂಡು. ಆಚೆ ಹಲ್ಲಿನವರ ಮೋಟಾರು ಓಡುತ್ತಿತ್ತು. “ಮೋಟಾರು, ಅಷ್ಟೇ” ಅಂದರು. ಆಮೇಲೆ ಕೆಳಗೆ ನೋಡಿ, “ಹುಷಾರು, ಇಲ್ಲಿ ಗಾಜು ಬಿದ್ದಿದೆ” ಅಂದರು. ಲೋಟ ಒಡೆದಿತ್ತು. ಗುಡಿಸಿದ್ದೆ, ಒಂದೆರಡು ಚೂರು ಉಳಿದಿರಬೇಕು. ಅಮ್ಮ ತಂದಿದ್ದ ಆರು ಲೋಟದಲ್ಲಿ ಈಗ ಉಳಿದಿರುವುದು ಎರಡೇ.

ಟು ಕಟ್ ಎ ಲಾಂಗ್ ಸ್ಟೋರಿ, ನೀನು ಚಿಂತೆ ಮಾಡಬೇಡ. ಕೋಲು ಕೋರ್ಟಿನವರ ಹತ್ತಿರವೇ ಇದೆ.

ನಿನ್ನ,
ಅಪ್ಪ

ಏಪ್ರಿಲ್ 14

ಅಪ್ಪ,

ಲೋಟ ಮಲಗುವ ಕೋಣೆಯಲ್ಲಿ ಯಾಕೆ ಒಡೆಯಿತು?

ನಾನು ಈ ಪ್ರಶ್ನೆಯನ್ನು ಆರು ವಾರ ಹೊತ್ತುಕೊಂಡು ತಿರುಗಿದೆ. ಕೋಲಿಲ್ಲದಿದ್ದರೆ ಲೋಟ ಗೋಡೆಗಿಟ್ಟು ಕೇಳಬಹುದು ಅಂತ ನನಗೆ ಕಲಿಸಿದ್ದು ನೀನೇ, ನಾನು ಎಂಟು ವರ್ಷದವಳಿದ್ದಾಗ.

ಮಾತ್ರೆಯಿಂದ ಒಂದು ಒಳ್ಳೆಯದಾಗಿದೆ, ಒಂದು ಕೆಟ್ಟದ್ದು. ಒಳ್ಳೆಯದು, ಈಗ ನನಗೆ ಏನೂ ಕೇಳಿಸುವುದಿಲ್ಲ. ಕೆಟ್ಟದ್ದು, ಆಗಿದ್ದೆಲ್ಲ ವರಸೆಯಾಗಿ ನೆನಪಾಗುತ್ತಿದೆ. ಹಲ್ಲಿನವರು ಬಾಗಿಲು ತೆಗೆದಾಗ ಅವರ ಕೈಯಲ್ಲಿ ಒಂದು ಸಾಲು ಹಲ್ಲಿತ್ತು. ಯಾರದೋ ಮೇಲಿನ ಸಾಲು. ಅದು ಕೆಳಗೆ ಬಿದ್ದದ್ದು ಮೊದಲು, ಅವರು ಬಿದ್ದದ್ದು ಆಮೇಲೆ. ದಿನಾ ಬೆಳಿಗ್ಗೆ ಅದನ್ನು ನೋಡಿಕೊಂಡೇ ಏಳುತ್ತೇನೆ.

ಇನ್ನೊಂದೂ ನೆನಪಾಗಿದೆ. ನಾನು ಲೈಬ್ರರಿ ಕೆಲಸದಿಂದ ಬೇಗ ಬಂದ ದಿನ. ಮಧ್ಯಾಹ್ನ ಮೂರು ಗಂಟೆ. ಮಲಗುವ ಕೋಣೆಯ ಬಾಗಿಲು ತೆರೆದೇ ಇತ್ತು. ಯಾರು ನೆಲದ ಮೇಲೆ ಕೂತಿದ್ದರು ಅಂತ ನಾನು ಬರೆಯುವುದಿಲ್ಲ. ನೀನು ಬರೆಯಬೇಕಾದರೆ ಬರಿ.

ಇಲ್ಲಿನ ಡಾಕ್ಟರು ಒಳ್ಳೆಯವರು. ಮೊದಲ ಸಲ ಯಾವಾಗ, ಹೇಗೆ ಅಂತ ಪ್ರತಿ ವಾರ ಕೇಳುತ್ತಾರೆ. ನಾನು ಪ್ರತಿ ವಾರ ಸುಳ್ಳು ಹೇಳುತ್ತೇನೆ. ಮದ್ದು ಕೊಡುವವರಿಗೆ ಸುಳ್ಳು ಹೇಳಿದರೆ ಮದ್ದು ಗಂಟಲಲ್ಲೇ ನಿಲ್ಲುತ್ತದೆ ಅಪ್ಪ.

ಒಂದು ಪ್ರಶ್ನೆ, ಇದಕ್ಕೆ ಮಾತ್ರ ಉತ್ತರ ಬೇಕು. ನನಗೆ ಈಗ ಕೇಳಿಸುವುದಿಲ್ಲ. ನಿನಗೆ?

ಪಾಪು

ಮೇ 11

ಪಾಪು,

ಈ ಪತ್ರದಲ್ಲಿ ಇಂಗ್ಲಿಷ್ ಇಲ್ಲ.

ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ಅದೇ ವರ್ಷ ನನಗೆ ನಿವೃತ್ತಿ. ನೀನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಮಂಚದ ಪಕ್ಕ ಗೋಡೆಯಲ್ಲಿ ಅಂಗೈಯಷ್ಟು ಒದ್ದೆ ಕಲೆ ಕಂಡಿತು. ಹಳೇ ಚಾಳಿ, ಬಾಗಿಲ ಹಿಂದಿನ ಕೋಲು ತಂದು ಇಟ್ಟೆ. ನೀರಿನ ಸದ್ದಿರಲಿಲ್ಲ. ಸೋರುವ ನೀರು ಉಸ್ ಅನ್ನುತ್ತದೆ, ಅದು ನನಗೆ ನಿದ್ದೆಯಲ್ಲೂ ತಿಳಿಯುತ್ತದೆ. ಅದಿರಲಿಲ್ಲ. ತೆಗೆಯಬೇಕು ಅನ್ನುವಷ್ಟರಲ್ಲಿ ಬಟ್ಟಲಿನೊಳಗೆ, ಇಷ್ಟು ಹತ್ತಿರದಲ್ಲಿ, “ಬನ್ನಿ, ಆರಿಹೋಗ್ತಿದೆ” ಅಂದಳು.

ಮೂರು ಗಂಟೆಗೆ ಟೀ ಮಾಡಿಟ್ಟು ಅವಳು ದಿನಾ ಕರೆಯುತ್ತಿದ್ದುದು ಹಾಗೇ ತಾನೇ. ನನಗೆ ಹೆದರಿಕೆ ಆಗಲಿಲ್ಲ. ಈಗ ಹೆದರಿಕೆ ಹುಟ್ಟಿಸುವುದು ಅದೇ. ನಾನು ಕೋಲು ಗೋಡೆಗೆ ಒರಗಿಸಿ, ಎದ್ದು ಅಡುಗೆಮನೆಗೆ ಹೋಗಿ, ಟೀ ಇದೆಯಾ ಅಂತ ನೋಡಿದೆ.

ಹನ್ನೊಂದು ದಿನ ಒಬ್ಬನೇ ಕೇಳಿದೆ. ಹನ್ನೆರಡನೇ ದಿನ ನೀನು ಬೇಗ ಬಂದೆ. ಬಾಗಿಲಲ್ಲಿ ನಿಂತು “ಅಪ್ಪಾ, ನೆಲದ ಮೇಲೆ ಕೂತು ಏನ್ ಮಾಡ್ತಿದ್ದೀಯ?” ಅಂದೆ. ಆಗ ನಾನು ತುಟಿ ಬಿಚ್ಚದೆ ಕೋಲು ನಿನ್ನ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಕೆಮ್ಮಿದ್ದರೂ ಪರವಾಗಿರಲಿಲ್ಲವೇನೋ. “ಅಮ್ಮ ಕರೀತಿದ್ದಾಳೆ, ಕೇಳು” ಅಂದೆ. ಮೊದಲು ಹೇಳಿದೆ, ಆಮೇಲೆ ಕೊಟ್ಟೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಮುರಿಯದ ನಿಯಮವನ್ನು ನಿನ್ನ ಮೇಲೆ ಮುರಿದೆ.

ನೀನು ತುಂಬ ಹೊತ್ತು ಕೇಳಿದೆ. ಮೊದಲು ಇಲ್ಲ ಅಂತ ತಲೆಯಾಡಿಸಿದೆ. ಅದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಆಮೇಲೆ ನನ್ನ ಮುಖ ನೋಡಿದೆ. ಆ ಮುಖದಲ್ಲಿ ಏನಿತ್ತೋ, ಮತ್ತೆ ಕಿವಿ ಇಟ್ಟೆ. ಇಟ್ಟು, “ಹೂಂ” ಅಂದೆ.

ಅಲ್ಲಿಂದ ಎಂಟು ತಿಂಗಳು. ಸರದಿಯ ಮೇಲೆ ಕೇಳುತ್ತಿದ್ದೆವು, ನಾನು ಹತ್ತು ನಿಮಿಷ ನೀನು ಹತ್ತು ನಿಮಿಷ, ಆಫೀಸಿನ ಪಾಳಿಯ ಹಾಗೆ. ಆ ದಿನಗಳು ಸುಖವಾಗಿದ್ದವು ಅಂತ ಬರೆದರೆ ನನ್ನನ್ನು ಏನಂತೀಯ? ಸುಖವಾಗಿದ್ದವು. ಅವಳನ್ನು ಆಚೆ ಕೂಡಿಹಾಕಿದ್ದಾರೆ ಅಂದದ್ದು ನೀನು. ಅದು ನನಗೆ ಕೇಳಿಸಿರಲಿಲ್ಲ. ಆದರೆ ಅಲ್ಲ ಅಂತಲೂ ನಾನು ಹೇಳಲಿಲ್ಲ. ನಿನಗೆ ನಿದ್ದೆ ಹೋಯಿತು, ಊಟ ಹೋಯಿತು, ಲೈಬ್ರರಿಯವರು ಮನೆಗೆ ಕಳಿಸಿದರು. ನಾನು ನೋಡುತ್ತಲೇ ಇದ್ದೆ. ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನೀನು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದೆ. ಆಗಿನ ಡಾಕ್ಟರು ನನ್ನನ್ನೂ ಅಮ್ಮನನ್ನೂ ಕೂರಿಸಿ, ಇದು ಮತ್ತೆ ಬರಬಹುದು, ನಿದ್ದೆ ಕೆಟ್ಟರೆ ಅದೇ ಮೊದಲ ಸೂಚನೆ, ಕೂಡಲೇ ಕರೆದುಕೊಂಡು ಬನ್ನಿ ಅಂದಿದ್ದರು. ಅದನ್ನೇ ಅವರು ಬರೆದುಕೊಟ್ಟ ಚೀಟಿ ಅಮ್ಮನ ತಗಡಿನ ಪೆಟ್ಟಿಗೆಯಲ್ಲಿ ಇತ್ತು. ಎಂಟು ತಿಂಗಳೂ ಅಲ್ಲೇ ಇತ್ತು. ಡಾಕ್ಟರ ಹತ್ತಿರ ಹೋದರೆ ಅವರು ನಿನ್ನ ಕಿವಿಯಿಂದ ಅವಳನ್ನು ತೆಗೆದುಬಿಡುತ್ತಾರೆ, ಆಮೇಲೆ ಕೇಳುವವನು ನಾನೊಬ್ಬನೇ ಆಗುತ್ತೇನೆ ಅಂತ ಭಯ. ಒಬ್ಬನಿಗೇ ಕೇಳಿಸಿದರೆ ನಮ್ಮ ನಿಯಮದ ಪ್ರಕಾರ ಅದು ಇಲ್ಲ.

ಆ ಬೆಳಿಗ್ಗೆ. ಇಷ್ಟು ಬರೆದವನು ಇದನ್ನೂ ಬರೆಯುತ್ತೇನೆ. ನಾನೇ ಮೊದಲು ಕೇಳಿದೆ. ಯಾವಾಗಿನ ದನಿ ಇರಲಿಲ್ಲ, ಸಣ್ಣಗೆ ಎಳೆದೆಳೆದು ಬರುತ್ತಿತ್ತು. ಹಲ್ಲಿನವರು ತುರ್ತು ಕೆಲಸ ಹಿಡಿದು ಬೆಳಗಿನಿಂದ ಮೋಟಾರು ನಿಲ್ಲಿಸಿರಲಿಲ್ಲವಂತೆ, ಆಮೇಲೆ ತಿಳಿಯಿತು. ನಾನು ತಿರುಗಿ, “ಇವತ್ತು ಅಳ್ತಿದ್ದಾಳೆ” ಅಂದೆ. ಅಂದು, ಚಪ್ಪಲಿ ಮೆಟ್ಟಿ, ಹಾಲು ತರುವುದಕ್ಕೆ ಹೋದೆ. ಕೋಲು ನಿನ್ನ ಕೈಯಲ್ಲಿತ್ತು.

ನಿನ್ನೆ ಲಾಯರಮ್ಮನ ಆಫೀಸಿಗೆ ಹೋಗಿ ಇದೆಲ್ಲ ಹೇಳಿದೆ. ಚೀಟಿಯನ್ನೂ ಕೊಟ್ಟೆ. ಅವರು ಟೈಪ್ ಮಾಡಿಸಿ, ಸಹಿ ಹಾಕುವ ಮೊದಲು ಎಚ್ಚರಿಸಿದರು. “ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೇ ಕೇಸಾಗಬಹುದು ಯಜಮಾನ್ರೇ. ಯೋಚನೆ ಮಾಡಿ.” ಪೆನ್ನು ಕೊಡಮ್ಮ ಅಂದೆ.

ಅಪ್ಪ

ಜೂನ್ 6

ಅಪ್ಪ,

ಪತ್ರ ತಲುಪಿತು. ಇಲ್ಲಿ ಪತ್ರಗಳನ್ನು ಓದಿ ಕೊಡುವ ಮೇಡಂ ಒಬ್ಬರಿದ್ದಾರೆ, ಗಡಸು. ಕೊಡುವಾಗ ಯಾವತ್ತೂ ಮಾತಾಡಿದವರಲ್ಲ. ಇದನ್ನು ಕೊಟ್ಟು, “ಕೂತ್ಕೊಂಡು ಓದು” ಅಂದರು.

ತಲೆಯಾಡಿಸಿದ್ದು ನೆನಪಿರಲಿಲ್ಲ. ಈಗಲೂ ನೆನಪಿಲ್ಲ. ಆದರೆ ನೀನು ಬರೆದ ಮೇಲೆ ನೆನಪಿದೆ ಅನ್ನಿಸಲು ಶುರುವಾಗಿದೆ. ಹೀಗೇ ಅಲ್ಲವಾ ಅದು ಆದದ್ದು?

ನನಗೆ ನಿನ್ನ ಮೇಲೆ ಕೋಪ ಬಂದಿದೆ. ಮೂರು ದಿನ ಇತ್ತು, ಸ್ವಲ್ಪ ಕಮ್ಮಿಯಾಯಿತು, ಇವತ್ತು ಮತ್ತೆ ಬಂದಿದೆ. ಬರುತ್ತಾ ಹೋಗುತ್ತಾ ಇರುತ್ತದೆ ಅಂತ ಡಾಕ್ಟರು ಹೇಳಿದರು. ಅವರಿಗೆ ನಿಜ ಹೇಳಿದೆ. ಮಾತ್ರೆ ಈಗ ಇಳಿಯುತ್ತದೆ.

ಹೊಡೆದದ್ದು ನನ್ನ ಕೈ. ಅದನ್ನೂ ನಿನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡ.

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ನಾಲ್ಕು ಪುಟ ಬರೆದೆ, ಅದೊಂದನ್ನು ಬಿಟ್ಟು.

ನಿನ್ನ ಮಗಳು

ಸೆಪ್ಟೆಂಬರ್ 18

ಪ್ರೀತಿಯ ಪಾಪು,

ನಿನ್ನನ್ನು ಅಷ್ಟು ದೂರದ ಬೆಂಚಿನಲ್ಲಿ ಕೂರಿಸಿದ್ದರು, ಮುಖ ಸರಿಯಾಗಿ ಕಾಣಲಿಲ್ಲ. ದಪ್ಪಗಾಗಿದ್ದೀಯ. ಒಳ್ಳೆಯದು. ಕೋರ್ಟಿನ ಹಾಲಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಫ್ಯಾನಿನ ಸದ್ದೇ ಜಾಸ್ತಿ. ನಿನಗೆ ಎಷ್ಟು ಕೇಳಿಸಿತೋ ಅಂತ ಬರೆಯುತ್ತಿದ್ದೇನೆ.

ಮೇಜಿನ ಮೇಲೆ ಕಿವಿಕೋಲು ಮಲಗಿಸಿದ್ದರು, ಬಟ್ಟಲಿಗೆ ದಾರ ಸುತ್ತಿ ಚೀಟಿ ಕಟ್ಟಿ. ಅದನ್ನು ನೋಡಿ ಇಂಗ್ಲಿಷೆಲ್ಲ ಮರೆತುಹೋಯಿತು. ‘ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್’ ಅಂತ ಶುರುಮಾಡುವುದಕ್ಕೆ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಸರ್ಕಾರಿ ವಕೀಲರು ಚುಚ್ಚಿದ್ದು ನೋಡಿದೆಯಲ್ಲ. “ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದ್ದೀರೋ?” “ಆಗ ಸ್ವಾಮಿ. ಆಗ ತಡವರಿಸದೆ ಹೇಳಿದ್ದೆ, ಎಲ್ಲರೂ ನಂಬಿದ್ರಿ.” ಹಿಂದೆ ಯಾರೋ ನಕ್ಕರು. ಅವರಿಗೆ ರೇಗಿತು. “ಹಾಗಾದ್ರೆ ಈಗಲೂ ನಿಮ್ಮ ಹೆಂಡತಿ ಮಾತಾಡ್ತಾರಾ? ಹೇಳಿ, ಕೋರ್ಟಿಗೂ ಕೇಳಿಸ್ಲಿ!” ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜಡ್ಜಮ್ಮ ಕೈ ಎತ್ತಿದರು. “ಅದು ಇವರ ಡಾಕ್ಟರಿಗೆ ಹೇಳಬೇಕಾದ ಉತ್ತರ. ಇಲ್ಲಿ ಬೇಡ” ಅಂದರು. ಪಾಪು, ಆಮೇಲೆ ಎಷ್ಟು ಹೊತ್ತಾದರೂ ನನ್ನ ಬಾಯಿ ಮುಚ್ಚಲೇ ಇಲ್ಲ.

ಹಲ್ಲಿನವರು ಎರಡೂ ದಿನ ಮುಂದಿನ ಸಾಲಿನಲ್ಲೇ ಇದ್ದರು, ಬಲಗಿವಿ ನನ್ನ ಕಡೆ ತಿರುಗಿಸಿಕೊಂಡು. ಒಂದಕ್ಷರ ಬಿಡದೆ ಕೇಳಿದರು. ಅಮ್ಮ ಏನಂದಳು, ಎಷ್ಟು ಗಂಟೆಗೆ ಅಂದಳು, ಎಲ್ಲ. ಜಡ್ಜಮ್ಮ ಅವರನ್ನೂ ಕರೆದರು. ಅವರು ಹೇಳಿದ್ದು ನಿನಗೆ ಕೇಳಿಸಿತಾ? “ಹೊಡೆಯೋ ಮೊದಲು ಆ ಹುಡುಗಿ ಕೈ ಮುಗಿದಳು ಮೇಡಂ. ‘ಅಮ್ಮನ್ನ ಬಿಟ್ಟುಬಿಡಿ’ ಅಂತ ಎರಡು ಸಲ ಬೇಡಿಕೊಂಡಳು. ಕೆಳಗಿನ ಕೋರ್ಟಲ್ಲಿ ಇದನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸಿಟ್ಟಿತ್ತು.”

ಒಂಬತ್ತು ವರ್ಷ ರದ್ದು. ನಿನ್ನನ್ನು ಆಸ್ಪತ್ರೆಗೆ ಕಳಿಸುತ್ತಾರೆ, ವರ್ಷಕ್ಕೊಮ್ಮೆ ನೋಡಿ ಮುಂದಿನದು ತೀರ್ಮಾನ. ನನ್ನ ಸುಳ್ಳಿಗೆ ಬೇರೆ ನೋಟೀಸು ಬರುತ್ತದಂತೆ. ಬರಲಿ, ಅಂಚೆಯವನಿಗೂ ಕೆಲಸ ಬೇಕಲ್ಲ.

ಲಾಯರಮ್ಮ ಹೊರಗೆ ಬಂದವರೇ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಡಾಕ್ಟರ ಹೆಸರು, ವಿಳಾಸ. “ಇದು ನಿಮಗೆ, ಮಗಳಿಗಲ್ಲ. ಪೆಟ್ಟಿಗೆಯಲ್ಲಿ ಇಡಬೇಡಿ” ಅಂದರು.

ನಿನ್ನ,
ಅಪ್ಪ

ನವೆಂಬರ್ 2

ಪ್ರೀತಿಯ ಪಾಪು,

ಹೊಸ ಜಾಗದಲ್ಲಿ ಕಿಟಕಿ ಇದೆ ಅಂತ ಲಾಯರಮ್ಮ ಹೇಳಿದರು. ಸಂತೋಷವಾಯಿತು.

ಕೋಲು ಮನೆಗೆ ಬಂತು. ಬೇಡ ಅಂದೆ. ನಿಮ್ಮದೇ ವಸ್ತು, ಸಹಿ ಹಾಕಿ ತಗೊಳ್ಳಿ ಅಂದರು. ಹಳೇ ದುಪ್ಪಟಿಯಲ್ಲಿ ಸುತ್ತಿ ಬೀರುವಿನ ಮೇಲೆ ಹಾಕಿದೆ. ಮುಟ್ಟಲಿಲ್ಲ. ನಂಬು.

ಮೊನ್ನೆ ಮಧ್ಯಾಹ್ನ ಹಲ್ಲಿನವರು ಬಾಗಿಲು ತಟ್ಟಿದರು. ಮೂರಕ್ಕೆ ಇನ್ನೂ ಐದು ನಿಮಿಷ ಇತ್ತು. ಒಳಗೆ ಬಂದು ಕೂರದೆ, “ಕೋಲು ಬಂತಂತಲ್ಲ ಸಾರ್” ಅಂದರು.

“ಬಂತು. ನಿಮ್ಮ ಕಣ್ಣಿಗೆ ಬೀಳೋದು ಬೇಡ ಅಂತ ಮೇಲಿಟ್ಟಿದ್ದೀನಿ.”

“ಇಳಿಸಿ.”

ನನ್ನನ್ನು ಹೊಡೆಯುವುದಕ್ಕೇ ಬಂದಿದ್ದಾರೆ ಅನ್ನಿಸಿತು. ಹೊಡೆಯಲಿ, ಸರಿಹೋಗುತ್ತದೆ ಅಂತಲೂ ಅನ್ನಿಸಿತು. ಇಳಿಸಿ, ದುಪ್ಪಟಿ ಬಿಚ್ಚಿ ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. ಕುರ್ಚಿ ಎಳೆದು ಕೂತು, ತಲೆ ವಾಲಿಸಿ, ಎಡಗಿವಿ ನನ್ನ ಕಡೆ ಮಾಡಿದರು.

“ಇಲ್ಲಿಡಿ.”

“ಏನ್ ಹೇಳ್ತಿದ್ದೀರಿ?”

“ಈ ಕಿವಿ ಸತ್ತಿದೆ ಅಂತ ದೊಡ್ಡ ದೊಡ್ಡ ಡಾಕ್ಟರೇ ಬರೆದುಕೊಟ್ಟಿದ್ದಾರೆ. ಸತ್ತಿದ್ದರೊಳಗೆ ಯಾರೋ ಮಾತಾಡ್ತಾರೆ ಸಾರ್. ಒಂದು ತಿಂಗಳಾಯ್ತು. ದಿನಾ ಇದೇ ಹೊತ್ತಿಗೆ. ಹೆಂಗಸಿನ ದನಿ. ನಾನು ಯಾರಿಗೂ ಹೇಳಿಲ್ಲ. ಅವರು ಏನಂತಾರೆ ಅಂದ್ರೆ—”

“ಹೇಳಬೇಡಿ!” ನನ್ನ ದನಿಗೆ ನಾನೇ ಬೆಚ್ಚಿದೆ. “ಮೊದಲು ಹೇಳಬಾರದು. ಬಾಯಿ ಮುಚ್ಕೊಳ್ಳಿ. ಮುಖಾನೂ ಆ ಕಡೆ ತಿರುಗಿಸಿ.”

ಹೇಳದಿದ್ದರೆ ತಾನೇ ಏನು? ಎರಡು ದಿನ ಕೋರ್ಟಿನಲ್ಲಿ ಕೂತು ನನ್ನ ಬಾಯಿಂದ ಎಲ್ಲ ಕೇಳಿಸಿಕೊಂಡವರು ಅವರು. ಅವರಿಗೂ ನಾನೇ ಮೊದಲು ಹೇಳಿದ ಹಾಗಾಯಿತು.

ಸರಳಿನ ತುದಿಯನ್ನು ಅವರ ಕಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ತಾಗಿಸಿದೆ. ಗಾಯದ ಗುಳಿ ಅಲ್ಲೇ ಇದೆ ಪಾಪು. ತುದಿ ಅದರಲ್ಲಿ ತನ್ನ ಜಾಗ ಅನ್ನುವ ಹಾಗೆ ಕೂತಿತು. ಅವರು ಒಂದು ಸಲ ನಡುಗಿದರು, ಆಮೇಲೆ ಅಲ್ಲಾಡಲಿಲ್ಲ. ಗಡಿಯಾರ ಮೂರು ಹೊಡೆಯಿತು. ನಾನು ಬಟ್ಟಲಿಗೆ ಕಿವಿ ಇಟ್ಟೆ.

ಎಷ್ಟು ಹೊತ್ತು ಕೇಳಿದೆನೋ ತಿಳಿಯದು. ಎದುರಿಗೆ ಬೀರುವಿನ ಕನ್ನಡಿ. ಅದರಲ್ಲಿ ಹಲ್ಲಿನವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಅನ್ನಲಿ ಅಂತ ಕಾಯುವ ನೋಟ. ಆ ನೋಟ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆವತ್ತು ನಿನ್ನೆದುರು ಅದು ನನ್ನ ಮುಖದಲ್ಲಿತ್ತು, ನೋಡಿದವಳು ನೀನು.

ಕೋಲು ತೆಗೆದೆ.

“ಏನೂ ಇಲ್ಲ” ಅಂದೆ. “ರಕ್ತ ಓಡೋ ಸದ್ದು. ಅಷ್ಟೇ.”

“ನಿಜವಾಗ್ಲೂ?”

“ಮೂವತ್ತೊಂದು ವರ್ಷದ ಕಿವಿ ಸ್ವಾಮಿ ಇದು. ಆದ್ರೂ ನನ್ನ ಮಾತು ನಂಬಬೇಡಿ, ಡಾಕ್ಟರಿಗೆ ತೋರಿಸಿ. ಗುರುವಾರ ನಾನೂ ಹೋಗ್ತಿದ್ದೀನಿ. ಒಟ್ಟಿಗೇ ಹೋಗೋಣ.”

“ನಿಮಗೇನಾಗಿದೆ ಸಾರ್?”

“ನನಗೂ ಕಿವೀದೇ” ಅಂದೆ.

ಅವರು ಗುಳಿಯ ಮೇಲೆ ಕೂದಲು ಸರಿಮಾಡಿಕೊಂಡರು. ಆಮೇಲೆ ಎದ್ದು, “ನಡೆಯುವಾಗ ನೀವು ನನ್ನ ಬಲಕ್ಕೆ ಇರಬೇಕು, ನೆನಪಿರ್ಲಿ” ಅಂದು ಹೋದರು. ಕೋಲನ್ನು ಕೂಡಲೇ ತೆಗೆದುಕೊಂಡು ಹೋಗಿ ನಮ್ಮ ಹಳೇ ಆಫೀಸಿನ ಉಗ್ರಾಣಕ್ಕೆ ಕೊಟ್ಟು ಬಂದೆ.

ಏಪ್ರಿಲಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರವನ್ನು ಗುರುವಾರ ಡಾಕ್ಟರಿಗೆ ಹೇಳುತ್ತೇನೆ, ಒಂದೂ ಬಿಡದೆ. ನಿನಗೆ ಹೇಳುವುದಿಲ್ಲ. ಆ ಮೂಳೆಯಲ್ಲಿ ಏನು ಕೇಳಿಸಿತು ಅನ್ನುವುದನ್ನೂ ಬರೆಯುವುದಿಲ್ಲ. ಮೊದಲು ಕೇಳಿದವನು ನಾನು.

ಮೂರು ಗಂಟೆಗೆ ಮಾಡಿದ ಟೀ ಪಕ್ಕದಲ್ಲೇ ಆರಿದೆ. ತಣ್ಣಗಿರುವುದನ್ನೇ ಕುಡಿದು, ಈ ಪತ್ರ ಡಬ್ಬಿಗೆ ಹಾಕಿ ಬರುತ್ತೇನೆ.

ನಿನ್ನ,
ಅಪ್ಪ